ನಿಂತುಹೋದ 1986ರ ಪೋರ್ಷೆ 944: ಕೂಲಂಟ್‌ನಲ್ಲಿ ಆಯಿಲ್ ಇದೆ. ತಗೊಳ್ಳಲೋ, ಬಿಡಲೋ?

ನಾಲ್ಕನೇ ಗೇರ್:

ಎಲ್ಲರಿಗೂ ನಮಸ್ಕಾರ. ಒಂದು ಪೋರ್ಷೆ 944 ನೋಡಿ ಬಂದಿದ್ದೇನೆ, ತೀರ್ಮಾನ ಮಾಡಲು ಆಗುತ್ತಿಲ್ಲ. 1986ರ ಗಾಡಿ. 2.5 ಲೀಟರ್ ಎಂಜಿನ್, ಟರ್ಬೋ ಅಲ್ಲ, ಮ್ಯಾನುಯಲ್ ಗೇರ್. ವರ್ಷಗಳಿಂದ ಓಡಿಲ್ಲ, ಶೆಡ್ ಒಳಗೇ ನಿಂತಿದೆ.

ಎಕ್ಸ್‌ಪ್ಯಾನ್ಶನ್ ಟ್ಯಾಂಕಿನ (ಎಂಜಿನ್ ತಂಪಾಗಿಡುವ ನೀರು, ಅಂದರೆ ಕೂಲಂಟ್ ಇರುವ ಟ್ಯಾಂಕ್) ಮುಚ್ಚಳ ತೆಗೆದೆ. ಒಳಗೆ ಕಂದು ಬಣ್ಣದ ದಪ್ಪ ಜಿಡ್ಡು. ಬೆರಳಲ್ಲಿ ಉಜ್ಜಿದರೆ ಬೆಣ್ಣೆಯ ಹಾಗೆ ಜಾರುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಕಪ್ಪಗಿದೆ, ಆದರೆ ನೀರು ಬೆರೆತು ಬೆಳ್ಳಗಾದಂತೆ ಕಾಣಲಿಲ್ಲ. ಮಾರುವವರು ‘ಹೆಡ್ ಗ್ಯಾಸ್ಕೆಟ್ ಹೋಗಿದೆ, ಅದೊಂದು ಹಾಕಿಸಿದರೆ ಗಾಡಿ ರೆಡಿ’ ಅನ್ನುತ್ತಾರೆ (ಎಂಜಿನ್ನಿನ ಮೇಲ್ಭಾಗವಾದ ಹೆಡ್ ಮತ್ತು ಕೆಳಗಿನ ಬ್ಲಾಕ್ ನಡುವಿನ ಸೀಲ್ ಅದು). ಬ್ಯಾಟರಿ ತಂದರೆ ಸ್ಟಾರ್ಟ್ ಮಾಡಿಯೇ ತೋರಿಸುತ್ತಾರಂತೆ. ಕ್ಲಚ್ ಬಿಡುವಾಗ ಮೊದಲಿಂದಲೂ ಸ್ವಲ್ಪ ಟಕ್ ಅನ್ನುತ್ತಿತ್ತು ಅಂತ ಅವರೇ ಹೇಳಿದರು. ಟೈಮಿಂಗ್ ಬೆಲ್ಟ್ (ಪಿಸ್ಟನ್ ತಾಳಕ್ಕೆ ವಾಲ್ವ್ ತೆರೆದು ಮುಚ್ಚಿಸುವ ಬೆಲ್ಟ್) ಯಾವಾಗ ಬದಲಾಯಿಸಿದ್ದು ಅನ್ನುವುದಕ್ಕೆ ಚೀಟಿ ಇಲ್ಲ. ಮೀಟರ್‌ನಲ್ಲಿ ಕಿಲೋಮೀಟರ್ ಮಾತ್ರ ಆಶ್ಚರ್ಯ ಆಗುವಷ್ಟು ಕಡಿಮೆ.

ಓಡುವ ಸ್ಥಿತಿಯ 944ಕ್ಕೆ ಕೊಡಬೇಕಾದ ಬೆಲೆಯ ಮೂರರಲ್ಲಿ ಒಂದು ಭಾಗ ಕೇಳುತ್ತಿದ್ದಾರೆ. ದಿನನಿತ್ಯದ ಓಡಾಟಕ್ಕೆ ನನಗೆ ಬೇರೆ ಕಾರಿದೆ. ನೆರಳಿರುವ ಜಾಗ ಇದೆ, ಟೂಲ್ಸ್ ಇವೆ. ಬ್ರೇಕ್, ಪ್ಲಗ್, ರೇಡಿಯೇಟರ್ ಕೆಲಸ ಮಾಡಿ ಗೊತ್ತು. ಎಂಜಿನ್ ಒಳಗೆ ಕೈ ಹಾಕಿಲ್ಲ. ಈ ಕಾರು ಅಂದರೆ ಚಿಕ್ಕಂದಿನಿಂದ ಆಸೆ. ಏನು ಮಾಡಲಿ?

ಗ್ರೀಸ್ ಕೈ:

ಬೇರೆಲ್ಲಕ್ಕಿಂತ ಮೊದಲು ಒಂದು ಮಾತು. ಆ ಗಾಡಿಯನ್ನು ಸ್ಟಾರ್ಟ್ ಮಾಡಲು ಬಿಡಬೇಡಿ. ‘ಸುಮ್ನೆ ಒಂದು ಸಲ ಸೆಲ್ಫ್ ಹೊಡೀತೀನಿ’ ಅಂದರೂ ಬೇಡ.

944ರ ಟೈಮಿಂಗ್ ಬೆಲ್ಟ್ ಕಡಿದರೆ, ಅಥವಾ ಹಲ್ಲು ಹಾರಿದರೆ, ಮೇಲೆ ಬರುವ ಪಿಸ್ಟನ್ ತೆರೆದಿರುವ ವಾಲ್ವ್‌ಗೆ ಬಡಿಯುತ್ತದೆ. ವಾಲ್ವ್ ಬಾಗುತ್ತದೆ, ಹೆಡ್ ಇಳಿಸಲೇಬೇಕು. ಅದರ ಮುಂದೆಯೇ, ಎಂಜಿನ್ ನಡುಕ ತಗ್ಗಿಸುವ ಬ್ಯಾಲೆನ್ಸ್ ಶಾಫ್ಟ್‌ಗಳ ಇನ್ನೊಂದು ಬೆಲ್ಟ್ ಓಡುತ್ತದೆ. ಅದು ಕಡಿದು ಟೈಮಿಂಗ್ ಬೆಲ್ಟ್‌ಗೆ ಸಿಕ್ಕಿಕೊಂಡರೂ ಗತಿ ಅದೇ. ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ನಿಂತ ಬೆಲ್ಟ್, ಅದೂ ಯಾವ ಕಾಲದ್ದೋ ಗೊತ್ತಿಲ್ಲ. ಈಗ ಚೆನ್ನಾಗಿರುವ ಎಂಜಿನ್ ನಿಮ್ಮ ಕಣ್ಣೆದುರೇ ಹಾಳಾಗಬಹುದು. ಸ್ಟಾರ್ಟ್ ಆದರೂ ನಿಮಗೆ ಗೊತ್ತಾಗುವುದು ‘ಇವತ್ತು ಸ್ಟಾರ್ಟ್ ಆಯಿತು’ ಅನ್ನುವುದಷ್ಟೇ.

ಇನ್ನು ಆ ಜಿಡ್ಡು. ಹೆಡ್ ಗ್ಯಾಸ್ಕೆಟ್ ಇರಬಹುದು, ಆದರೆ ನನ್ನ ಮೊದಲ ಅನುಮಾನ ಬೇರೆ ಕಡೆ. ಈ ಎಂಜಿನ್ನಿನ ಆಯಿಲ್ ಕೂಲರ್ ಮುಂದೆ ಗಾಳಿಗೆ ಇಲ್ಲ. ಆಯಿಲ್ ಫಿಲ್ಟರ್ ಕೂರುವ ಹೌಸಿಂಗ್ ಒಳಗೆ, ಎಂಜಿನ್ ಬ್ಲಾಕ್‌ಗೆ ಅಂಟಿಕೊಂಡೇ ಇದೆ. ಅದರ ಸುತ್ತ ಕೂಲಂಟ್ ಹರಿಯುತ್ತದೆ. ನಡುವೆ ಇರುವುದು ರಬ್ಬರ್ ಸೀಲ್‌ಗಳು. ವಯಸ್ಸಾಗಿ ಅವು ಗಟ್ಟಿಯಾದರೆ ಆಯಿಲ್ ಕೂಲಂಟ್‌ಗೆ ನುಗ್ಗುತ್ತದೆ. ಎಂಜಿನ್ ಓಡುವಾಗ ಆಯಿಲ್ ಒತ್ತಡ ಕೂಲಂಟ್ ಒತ್ತಡಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಆದ್ದರಿಂದಲೇ ಟ್ಯಾಂಕ್ ತುಂಬ ಜಿಡ್ಡು, ಡಿಪ್‌ಸ್ಟಿಕ್ ಮಾತ್ರ ಚೊಕ್ಕ. ನೀವು ಹೇಳಿದ ಲಕ್ಷಣ ಅದೇ ಅಲ್ವಾ? 944ಕ್ಕೆ ಇದು ತುಂಬಾ ಸಾಮಾನ್ಯವಾದ ರೋಗ. ಎಷ್ಟೋ ಜನ ಸುಳ್ಳೇ ಹೆಡ್ ಇಳಿಸುತ್ತಾರೆ.

ಆದರೆ ಸಮಾಧಾನ ಪಟ್ಟುಕೊಳ್ಳುವ ಮುಂಚೆ ಇನ್ನೊಂದು ಇದೆ. ಬಿಸಿ ಎಂಜಿನ್ ಆಫ್ ಮಾಡಿದ ಕೂಡಲೇ ಆಯಿಲ್ ಒತ್ತಡ ಸೊನ್ನೆಗೆ ಬರುತ್ತದೆ, ಕೂಲಂಟ್ ಒತ್ತಡ ಸ್ವಲ್ಪ ಹೊತ್ತು ಹಾಗೇ ಇರುತ್ತದೆ. ಆಗ ನೀರು ಆಯಿಲ್ ಕಡೆಗೂ ಹೋಗಬಹುದು. ನೀರು ಕಂಡ ಬೇರಿಂಗ್ ಬಾಳುವುದಿಲ್ಲ. ಈ ಎಂಜಿನ್‌ನಲ್ಲಿ ಎರಡನೇ ಸಿಲಿಂಡರಿನ ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ದಂಡ) ಬೇರಿಂಗ್ ಮೊದಲೇ ಸೂಕ್ಷ್ಮ. ಹಾಗಾಗಿ ನಿಮ್ಮ ತೀರ್ಮಾನ ನಿಂತಿರುವುದು ಗ್ಯಾಸ್ಕೆಟ್ ಮೇಲಲ್ಲ, ಕೆಳಗಿನ ಬೇರಿಂಗ್‌ಗಳ ಮೇಲೆ.

ಹಳೇ ಎಂಜಿನ್:

ನಾನು ಬೇಡ ಅನ್ನುವ ಪಕ್ಷ. ಮೂರರಲ್ಲಿ ಒಂದು ಭಾಗ ಬೆಲೆ ಅಂದರೆ ಅಗ್ಗ ಅನ್ನಿಸುತ್ತದೆ. ಆದರೆ ಬೆಲ್ಟ್‌ಗಳು, ಟೆನ್ಶನರ್ (ಬೆಲ್ಟ್ ಬಿಗಿ ಇಡುವ ಭಾಗ), ವಾಟರ್ ಪಂಪ್, ಕೂಲರ್ ಸೀಲ್, ಎಲ್ಲ ಹೋಸ್, ಟೈರ್, ಬ್ರೇಕ್, ಪೆಟ್ರೋಲ್ ಟ್ಯಾಂಕ್ ಕ್ಲೀನಿಂಗ್ ಎಲ್ಲ ಸೇರಿಸಿ ನೋಡಿ.

ಇದರ ಜೊತೆಗೆ ಕ್ಲಚ್ ಖರ್ಚು ಬೇರೆ. 944ರಲ್ಲಿ ಎಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದಿನ ಚಕ್ರಗಳ ನಡುವೆ. ಎರಡನ್ನೂ ಸೇರಿಸುವುದು ಟಾರ್ಕ್ ಟ್ಯೂಬ್. ಕ್ಲಚ್ ಇರುವುದು ಎಂಜಿನ್ ಕಡೆ. ಅದನ್ನು ಮುಟ್ಟಬೇಕಾದರೆ ಎಕ್ಸಾಸ್ಟ್ ಇಳಿಸಿ, ಗೇರ್‌ಬಾಕ್ಸ್ ಹಿಂದಕ್ಕೆ ಸರಿಸಿ, ಟ್ಯೂಬ್ ಎಳೆದು, ಆಮೇಲೆ ಕ್ಲಚ್ ಮುಚ್ಚಿರುವ ಬೆಲ್ ಹೌಸಿಂಗ್ ಬಿಚ್ಚಬೇಕು. ಕಾರ್ಖಾನೆಯಿಂದ ಬಂದ ಕ್ಲಚ್ ಪ್ಲೇಟ್‌ನ ನಡುವೆ ಸ್ಪ್ರಿಂಗ್ ಬದಲು ರಬ್ಬರ್ ಇರುತ್ತದೆ. ಆ ರಬ್ಬರ್ ಹರಿಯುತ್ತಾ ಬಂದಾಗ ಕೇಳಿಸುವುದೇ ಆ ‘ಟಕ್’. ಪೂರ್ತಿ ಹರಿದ ದಿನ ಗೇರ್ ಹಾಕಿದರೂ ಗಾಡಿ ಮುಂದೆ ಹೋಗುವುದಿಲ್ಲ.

ಇಷ್ಟೂ ಕೆಲಸವನ್ನು ಹೊರಗೆ ಮಾಡಿಸಿದರೆ ಓಡುವ ಗಾಡಿಯ ಬೆಲೆ ಸುಲಭವಾಗಿ ದಾಟುತ್ತೀರಿ. ಬೆಲ್ಟ್, ಕ್ಲಚ್‌ಗೆ ಬಿಲ್ ಇರುವ, ಓಡುತ್ತಿರುವ 944 ಹುಡುಕಿ.

ನಾಲ್ಕನೇ ಗೇರ್:

ಇಬ್ಬರಿಗೂ ಥ್ಯಾಂಕ್ಸ್. ಹಳೇ ಎಂಜಿನ್ ಅವರೇ, ನಿಮ್ಮ ಲೆಕ್ಕ ಒಪ್ಪುತ್ತೇನೆ. ಆದರೆ ನನಗೆ ಓಡಿಸುವಷ್ಟೇ ಬಿಚ್ಚಿ ಕಲಿಯುವ ಆಸೆಯೂ ಇದೆ. ಅವಸರವೂ ಇಲ್ಲ. ಗ್ರೀಸ್ ಕೈ ಅವರೇ, ಸ್ಟಾರ್ಟ್ ಮಾಡದೆ ಎಂಜಿನ್ ಚೆನ್ನಾಗಿದೆಯೋ ಇಲ್ಲವೋ ಹೇಗೆ ತಿಳಿಯುವುದು? ಕಂಪ್ರೆಷನ್ ಟೆಸ್ಟ್‌ಗೂ ಸೆಲ್ಫ್ ಹೊಡೆಯಬೇಕಲ್ಲ?

ಗ್ರೀಸ್ ಕೈ:

ಹೌದು, ಅದಕ್ಕೇ ಕಂಪ್ರೆಷನ್ ಟೆಸ್ಟ್ ಬಿಡಿ. ಲೀಕ್‌ಡೌನ್ ಟೆಸ್ಟ್ ಮಾಡಿ, ಅಂದರೆ ಸಿಲಿಂಡರಿಗೆ ಗಾಳಿ ತುಂಬಿ ಎಲ್ಲಿ ಸೋರುತ್ತದೆ ಅಂತ ನೋಡುವುದು. ಕಂಪ್ರೆಸರ್ ಇರುವ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ. ಮೊದಲು ಬೆಲ್ಟ್ ಕವರ್ ತೆಗೆದು ನೋಡಿ. ಹಲ್ಲು ಉದುರಿದೆಯಾ, ಬಿರುಕಿದೆಯಾ, ಆಯಿಲ್‌ನಲ್ಲಿ ನೆನೆದಿದೆಯಾ ಅಂತ. ಹಲ್ಲು ಹೋಗಿದ್ದರೆ ಅಲ್ಲಿಗೇ ನಿಲ್ಲಿಸಿ.

ಬೆಲ್ಟ್ ಪೂರ್ತಿ ಇದ್ದರೆ ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ. ಪ್ರತಿ ಸಿಲಿಂಡರಿಗೂ ಸ್ವಲ್ಪ ಆಯಿಲ್ ಬಿಟ್ಟು ಒಂದಷ್ಟು ಹೊತ್ತು ಬಿಡಿ. ಕ್ರ್ಯಾಂಕ್ ಬೋಲ್ಟ್‌ಗೆ 24 ಎಂಎಂ ಸಾಕೆಟ್ ಹಾಕಿ ಕೈಯಲ್ಲೇ ತಿರುಗಿಸಿ. ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಮಾತ್ರ, ಹಿಂದಕ್ಕೆ ಬೇಡವೇ ಬೇಡ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ.

ಒಂದೊಂದೇ ಪಿಸ್ಟನ್ನನ್ನು ಕಂಪ್ರೆಷನ್ ಹೊತ್ತಿನ (ವಾಲ್ವ್ ಎಲ್ಲ ಮುಚ್ಚಿರುವಾಗಿನ) ಮೇಲ್ತುದಿಗೆ ತಂದು, ಪ್ಲಗ್ ತೂತಿನಿಂದ ಗಾಳಿ ಕೊಟ್ಟು, ಕಿವಿಗೊಡಿ. ಇಂಟೇಕ್ ಕಡೆ ಸುಸ್ ಅಂದರೆ ಇಂಟೇಕ್ ವಾಲ್ವ್. ಸೈಲೆನ್ಸರ್ ಕಡೆ ಕೇಳಿದರೆ ಎಕ್ಸಾಸ್ಟ್ ವಾಲ್ವ್. ಆಯಿಲ್ ಹಾಕುವ ಬಾಯಲ್ಲಿ ಕೇಳಿದರೆ ಪಿಸ್ಟನ್ ರಿಂಗ್. ನಿಂತ ಗಾಡಿಯಲ್ಲಿ ರಿಂಗ್ ಕಡೆ ಸ್ವಲ್ಪ ಸೋರುವುದು ಸಹಜ, ಗಾಬರಿ ಬೇಡ. ಕೂಲಂಟ್ ಟ್ಯಾಂಕ್‌ನಲ್ಲಿ ಗುಳ್ಳೆ ಎದ್ದರೆ ಮಾರುವವರು ಹೇಳಿದ್ದೇ ನಿಜವಿರಬಹುದು, ಹೆಡ್ ಗ್ಯಾಸ್ಕೆಟ್ ಮೇಲೆಯೇ ಅನುಮಾನ.

ಬೇರಿಂಗ್ ಬಗ್ಗೆ ಸಂಪೂರ್ಣ ಉತ್ತರ ಹೊರಗಿನಿಂದ ಸಿಗದು, ಸುಳಿವು ಸಿಗುತ್ತದೆ. ಇಷ್ಟು ವರ್ಷ ನಿಂತಿದೆಯಲ್ಲ, ನೀರಿದ್ದರೆ ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ, ಅಂದರೆ ಸಂಪ್‌ನ ತಳಕ್ಕೆ ಇಳಿದಿರುತ್ತದೆ. ಡ್ರೇನ್ ಬೋಲ್ಟ್ ಸಡಿಲ ಮಾಡಿದರೆ ಮೊದಲು ನೀರೇ ಬರುತ್ತದೆ. ಮೊದಲ ಹನಿಗಳನ್ನು ಗಾಜಿನ ಬಾಟಲಿಯಲ್ಲಿ ಹಿಡಿಯಿರಿ. ಆಮೇಲೆ ಆಯಿಲ್ ಫಿಲ್ಟರ್ ಬಿಚ್ಚಿ ಡಬ್ಬಿ ಕತ್ತರಿಸಿ, ಒಳಗಿನ ಮಡಿಕೆಗಳನ್ನು ಬಿಡಿಸಿ, ಬಿಸಿಲಿಗೆ ಹಿಡಿದು ನೋಡಿ. ತಾಮ್ರದ ಬಣ್ಣದ ಅಥವಾ ಬೆಳ್ಳಿಯಂಥ ಚೂರುಗಳು ಮಿನುಗಿದರೆ ಬೇರಿಂಗ್ ಸವೆದಿದೆ. ಆಗ ಗಾಡಿಯ ಬೆಲೆ ಎಂಜಿನ್ ಇಲ್ಲದ ಗಾಡಿಯ ಬೆಲೆ.

ಇಷ್ಟಕ್ಕೆ ಮಾರುವವರು ಒಪ್ಪದಿದ್ದರೆ ಬಿಟ್ಟುಬಿಡಿ. ಹೊಸ ಫಿಲ್ಟರ್, ಹೊಸ ಆಯಿಲ್ ನನ್ನ ಖರ್ಚು ಅನ್ನಿ. ನ್ಯಾಯವಾದ ಮನುಷ್ಯರು ಒಪ್ಪುತ್ತಾರೆ.

ಸ್ಪ್ಯಾನರ್ 13:

ಎಂಜಿನ್ ಜೊತೆಗೆ ಬಾಡಿಯನ್ನೂ ಬಿಡಬೇಡಿ. 944ರ ಬಾಡಿಗೆ ಕಾರ್ಖಾನೆಯಲ್ಲೇ ಸತುವಿನ ಲೇಪ ಇದೆ, ಅದೇ ಕಾಲದ ಬೇರೆ ಕಾರುಗಳಷ್ಟು ತುಕ್ಕು ಹಿಡಿಯುವುದಿಲ್ಲ. ಹಿಡಿದಿದ್ದರೆ ಹಳೆಯ ಅಪಘಾತವೋ, ನೀರು ನಿಂತದ್ದೋ ಇರಬೇಕು. ಬಾಗಿಲ ಕೆಳಗಿನ ಸಿಲ್, ಜಾಕ್ ಹಾಕುವ ಜಾಗ, ಬ್ಯಾಟರಿ ತಟ್ಟೆ ನೋಡಿ. ಬ್ಯಾಟರಿ ತಟ್ಟೆ ತೂತಾದರೆ ನೀರು ಕ್ಯಾಬಿನ್ ಒಳಗೆ ಇಳಿಯುತ್ತದೆ. ಕಾಲಿಡುವ ಜಾಗದ ಕಾರ್ಪೆಟ್ ಎತ್ತಿ ಮುಟ್ಟಿ ನೋಡಿ. ಹಿಂದಿನ ದೊಡ್ಡ ಗಾಜು ಅದರ ಫ್ರೇಮಿನಿಂದ ಬಿಟ್ಟುಕೊಳ್ಳುವುದೂ ಈ ಕಾರಿನ ಗುಣ. ಸ್ಪೇರ್ ಟೈರ್ ಗುಂಡಿಯಲ್ಲಿ ನೀರಿನ ಕಲೆ ಇದ್ದರೆ ಅಲ್ಲಿಂದ ಬಂದಿರಬಹುದು. ಒಂದು ಚಿಕ್ಕ ಅಯಸ್ಕಾಂತ ಇಟ್ಟುಕೊಳ್ಳಿ, ಪುಟ್ಟಿ ತುಂಬಿ ಪೇಂಟ್ ಹೊಡೆದ ಕಡೆ ಅಂಟುವುದಿಲ್ಲ.

ಮೀಟರ್ ನಂಬಬೇಡಿ. ಕಿಲೋಮೀಟರ್ ಅಂಕಿ ತಿರುಗಿಸುವ ಪ್ಲಾಸ್ಟಿಕ್ ಗೇರ್ ಹಲ್ಲು ಮುರಿದು ನಿಂತುಹೋದ 944ಗಳು ಬೇಕಾದಷ್ಟಿವೆ. ಯಾರೂ ಮೋಸ ಮಾಡಿರಬೇಕಿಲ್ಲ, ಅದಾಗಿಯೇ ನಿಂತಿರುತ್ತದೆ. ಪೆಡಲ್ ರಬ್ಬರ್ ಎಷ್ಟು ಸವೆದಿದೆ, ಡ್ರೈವರ್ ಸೀಟಿನ ಅಂಚು ಹೇಗಿದೆ ಅನ್ನುವುದು ಹೆಚ್ಚು ನಿಜ ಹೇಳುತ್ತದೆ.

ನಾಲ್ಕನೇ ಗೇರ್:

ಹೋಗಿ ಬಂದೆ. ಮಾರುವವರು ಎಲ್ಲಕ್ಕೂ ಒಪ್ಪಿದರು, ನಿಂತು ನೋಡಿದರು ಕೂಡ.

ಬೆಲ್ಟ್ ಹಲ್ಲು ಪೂರ್ತಿ ಇದೆ, ಆದರೆ ಬೆನ್ನ ಮೇಲೆ ಸಣ್ಣ ಬಿರುಕುಗಳು. ಮುಂದಿನ ಸೀಲ್ ಸೋರಿ ಒಂದು ಅಂಚು ಆಯಿಲ್‌ನಲ್ಲಿ ನೆನೆದಿದೆ. ಎಂಜಿನ್ ಕೈಯಲ್ಲಿ ಸಲೀಸಾಗಿ ತಿರುಗಿತು. ಲೀಕ್‌ಡೌನ್‌ನಲ್ಲಿ ವಾಲ್ವ್ ಕಡೆ ಎಲ್ಲೂ ಸದ್ದಿಲ್ಲ, ರಿಂಗ್ ಕಡೆ ನಾಲ್ಕರಲ್ಲೂ ಹೆಚ್ಚುಕಮ್ಮಿ ಒಂದೇ ಸಮ. ಟ್ಯಾಂಕ್‌ನಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ. ಬಾಟಲಿಯಲ್ಲಿ ನೀರಿಲ್ಲ. ಫಿಲ್ಟರ್ ಮಡಿಕೆಯಲ್ಲಿ ಕಪ್ಪು ಮಸಿ ಬಿಟ್ಟರೆ ಮಿನುಗುವುದೇನೂ ಕಾಣಲಿಲ್ಲ. ಬ್ಯಾಟರಿ ತಟ್ಟೆಯಲ್ಲಿ ತುಕ್ಕು ಇದೆ, ಒಂದು ಕಡೆ ತೂತು ಬಿದ್ದಿದೆ. ಸಿಲ್ ಎರಡೂ ಗಟ್ಟಿ. ಮೀಟರಿನ ಬಗ್ಗೆ ಕೇಳಿದ್ದಕ್ಕೆ, ಹೌದು, ಅದು ನಿಂತು ಬಹಳ ಕಾಲ ಆಯಿತು ಅಂದರು.

ಹಳೇ ಎಂಜಿನ್:

ಹಾಗಿದ್ದರೆ ನನ್ನ ಮಾತನ್ನು ಅರ್ಧ ಹಿಂದಕ್ಕೆ ತಗೊಳ್ಳುತ್ತೇನೆ. ಕೆಲಸ ನೀವೇ ಮಾಡುವುದಾದರೆ ತಗೊಳ್ಳಿ. ಆದರೆ ಬೆಲೆ ಮಾತಾಡುವಾಗ ಕ್ಲಚ್ ಪೂರ್ತಿ ಹೋಗಿದೆ ಅಂತಲೇ ಲೆಕ್ಕ ಹಾಕಿ, ಅರ್ಧ ಹೋಗಿದೆ ಅಂತ ಅಲ್ಲ. ಒಬ್ಬರೇ ಟಾರ್ಕ್ ಟ್ಯೂಬ್ ಇಳಿಸಲು ಹೋಗಬೇಡಿ. ಗಾಡಿಯನ್ನು ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿ, ಜೊತೆಗೆ ಇನ್ನೊಬ್ಬರು ಇರಲಿ.

ಗ್ರೀಸ್ ಕೈ:

ನನಗಂತೂ ಖುಷಿಯಾಯಿತು. ಇಂಥ ಎಂಜಿನ್ ಉಳಿಯಬೇಕು. ನಾನಾಗಿದ್ದರೆ ತಗೊಳ್ಳುತ್ತಿದ್ದೆ.

ತಗೊಂಡ ಮೇಲೆ ಮೊದಲು ಎಂಜಿನ್ ಮೇಲಿನ ಪೆಟ್ರೋಲ್ ಹೋಸ್‌ಗಳು. ಹಳೆಯ ರಬ್ಬರ್ ಬಿರುಕು ಬಿಟ್ಟು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮ್ಮಿ ಬೆಂಕಿ ಹತ್ತಿದ 944ಗಳಿವೆ, ಇದರಲ್ಲಿ ಉಳಿತಾಯ ಬೇಡ. ಆಮೇಲೆ ಎರಡೂ ಬೆಲ್ಟ್, ರೋಲರ್‌ಗಳು, ಮುಂದಿನ ಸೀಲ್, ವಾಟರ್ ಪಂಪ್ ಒಟ್ಟಿಗೆ. 1986ರದ್ದರಲ್ಲಿ ಸ್ಪ್ರಿಂಗ್ ಟೆನ್ಶನರ್ ಇಲ್ಲ, ಅದು 1987ರ ಮಾಡೆಲ್‌ನಿಂದ ಬಂತು. ಹಾಗಾಗಿ ಟೆನ್ಶನ್ ಕೈಯಲ್ಲೇ ಹೊಂದಿಸಬೇಕು. ಗೇಜ್ ಹಾಕಿ ಅಳೆಯಿರಿ, ಅಂದಾಜು ಬೇಡ. ಹೊಸ ಬೆಲ್ಟ್ ಸ್ವಲ್ಪ ಹಿಗ್ಗುತ್ತದೆ, ಕೆಲವು ಸಾವಿರ ಕಿಲೋಮೀಟರ್ ಒಳಗೆ ಮತ್ತೆ ನೋಡಬೇಕು.

ಕೂಲರ್ ಸೀಲ್‌ಗೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನಿಂದ ಹೊಗೆ ಹೊರತರುವ ಕೊಳವೆಗಳು) ಬಿಚ್ಚಬೇಕಾಗುತ್ತದೆ. ಹಳೇ ನಟ್‌ಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಹೌಸಿಂಗ್ ಒಳಗಿನ ಆಯಿಲ್ ಪ್ರೆಶರ್ ವಾಲ್ವ್ ಈ ವರ್ಷದ ಗಾಡಿಯಲ್ಲಿ ಮೂರು ತುಂಡಿನದು. ಮತ್ತೆ ಕೂರಿಸುವಾಗ ನೇರ ಮಾಡುವ ಟೂಲ್ ಬೇಕೇ ಬೇಕು. ಅದಿಲ್ಲದೆ ಬಿಗಿ ಮಾಡಿದರೆ ವಾಲ್ವ್ ಸಿಕ್ಕಿಕೊಳ್ಳುತ್ತದೆ, ಆಯಿಲ್ ಒತ್ತಡ ಹದ ತಪ್ಪುತ್ತದೆ. ಜಿಡ್ಡು ತೊಳೆಯಲು ಪಾತ್ರೆ ತೊಳೆಯುವ ಮೆಷಿನ್ನಿನ ಪುಡಿ ನೀರಿಗೆ ಹಾಕಿ ಓಡಿಸಿ. ನೊರೆ ಬರುವ ಸೋಪು ಬೇಡ. ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ತೊಳೆಯಬೇಕು. ಆಯಿಲ್ ಕುಡಿದು ಉಬ್ಬಿದ ಹೋಸ್‌ಗಳನ್ನು ತೊಳೆದಾದ ಮೇಲೆ ಬದಲಾಯಿಸಿ, ಮೊದಲೇ ಹೊಸದು ಹಾಕಿದರೆ ಅವೂ ಹಾಳು.

ನಾಲ್ಕನೇ ಗೇರ್:

ಮಾತು ಮುಗಿಯಿತು. ಕ್ಲಚ್, ಬ್ಯಾಟರಿ ತಟ್ಟೆ ಎರಡನ್ನೂ ತೋರಿಸಿ ಕೇಳಿದೆ, ಬೆಲೆ ಇಳಿಸಿದರು. ಮುಂಗಡ ಕೊಟ್ಟಿದ್ದೇನೆ, ಗಾಡಿಯನ್ನು ಟ್ರಕ್ ಮೇಲೆ ತರಿಸುತ್ತೇನೆ. ಒಂದೇ ಪ್ರಶ್ನೆ ಉಳಿದಿದೆ. ಎಲ್ಲ ಆದ ಮೇಲೆ ಮೊದಲ ಸಲ ಸ್ಟಾರ್ಟ್ ಮಾಡುವಾಗ ಏನು ನೋಡಬೇಕು?

ಗ್ರೀಸ್ ಕೈ:

ಡಿಎಂಇ (ಎಂಜಿನ್ ನಡೆಸುವ ಕಂಪ್ಯೂಟರ್) ರಿಲೇ ಕಿತ್ತು ಪಕ್ಕಕ್ಕಿಡಿ. ಅದಿಲ್ಲದೆ ಪೆಟ್ರೋಲ್ ಪಂಪೂ ಓಡುವುದಿಲ್ಲ, ಸ್ಪಾರ್ಕೂ ಬರುವುದಿಲ್ಲ. ಹಾಗೇ ಸೆಲ್ಫ್ ಹೊಡೆಯಿರಿ, ಸ್ವಲ್ಪ ಸ್ವಲ್ಪ ಬಿಟ್ಟು. ಆಯಿಲ್ ಗೇಜ್ ಮುಳ್ಳು ಮೇಲೆದ್ದರೆ ಬೇರಿಂಗ್‌ಗೆ ಆಯಿಲ್ ತಲುಪಿದೆ ಅಂತ. ಆಗ ರಿಲೇ ಹಾಕಿ ಸ್ಟಾರ್ಟ್ ಮಾಡಿ.

ಸ್ಟಾರ್ಟ್ ಆಗದಿದ್ದರೆ ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ನೋಡಿ. ಸ್ವಲ್ಪವೂ ಅಲುಗಾಡದಿದ್ದರೆ ಬೆಲ್ ಹೌಸಿಂಗ್ ಮೇಲಿನ ಸೆನ್ಸರ್‌ಗಳನ್ನು ಹಿಡಿಯಿರಿ. ಅಲುಗಾಡಿದರೆ ಆ ರಿಲೇಯನ್ನೇ ಮೊದಲು ಅನುಮಾನಿಸಿ. ಹಳೆಯದರಲ್ಲಿ ಬೆಸುಗೆ ಬಿರುಕು ಬಿಟ್ಟಿರುತ್ತದೆ. ಹೊಸದು ಎರಡು ತರಿಸಿ, ಒಂದು ಗಾಡಿಗೆ, ಒಂದು ಡ್ಯಾಶ್‌ಬೋರ್ಡ್ ಡಬ್ಬಿಗೆ.