ಮಾಳಮಡ್ಡಿ ಮನೆ ಗುಂಪಿನಲ್ಲಿ ಕುಪ್ಪಳಿಯ ಜಗಳ

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಅಜ್ಜನ ಮನೆ ಇತ್ತು. ಈಗ ಇಲ್ಲ. ಆದರೆ ಮನೆಯವರ ವಾಟ್ಸಾಪ್ ಗುಂಪಿಗೆ ಇವತ್ತಿಗೂ ಅದೇ ಹೆಸರು. ಮೊನ್ನೆ ಭಾನುವಾರ ಅಲ್ಲಿ ನಡೆದ ಮಾತನ್ನು ಎಲ್ಲರ ಒಪ್ಪಿಗೆ ಪಡೆದು ಇಲ್ಲಿ ಹಾಕುತ್ತಿದ್ದೇನೆ. ಹೆಸರು ಬೇಡ ಎಂದರು. ಹಾಗಾಗಿ ನನ್ನ ಫೋನಿನಲ್ಲಿ ಯಾರನ್ನು ಹೇಗೆ ಸೇವ್ ಮಾಡಿಕೊಂಡಿದ್ದೇನೋ ಹಾಗೇ ಬಿಟ್ಟಿದ್ದೇನೆ. ಶುಭೋದಯದ ಚಿತ್ರಗಳನ್ನು ಮಾತ್ರ ತೆಗೆದಿದ್ದೇನೆ.

ದೊಡ್ಡಪ್ಪ, ಬೆಳಿಗ್ಗೆ 6:42
(ಫಾರ್ವರ್ಡ್) ಇದು ರಾಷ್ಟ್ರಕವಿ ಕುವೆಂಪು ಹುಟ್ಟಿದ ಮನೆ! ಅಂದಿನಿಂದ ಇಂದಿನವರೆಗೆ ಒಂದು ಹಂಚೂ ಬದಲಾಗಿಲ್ಲ! ಆದರೆ ಈಗ ಇಲ್ಲಿಗೆ ಬರುವವರೇ ಇಲ್ಲ. ನಮ್ಮ ಮಕ್ಕಳಿಗೆ ಮಾಲ್ ಗೊತ್ತು, ಕವಿಯ ಮನೆ ಗೊತ್ತಿಲ್ಲ. ಕನ್ನಡಿಗರಾಗಿದ್ದರೆ ಹತ್ತು ಜನರಿಗೆ ಕಳಿಸಿ.

ದೊಡ್ಡಪ್ಪ, 6:44
ಎಲ್ಲರೂ ಓದಿರಿ. ಮೊಮ್ಮಕ್ಕಳನ್ನು ಕೂರಿಸಿಕೊಂಡು ಓದಿ ಹೇಳಿರಿ. ಮನೆತನ ಅಂದರೆ ಏನು ಎಂದು ಅವರಿಗೂ ಗೊತ್ತಾಗಲಿ.

ಹಾವೇರಿ ಅಕ್ಕ, 7:05
ಎಷ್ಟು ನಿಜ ದೊಡ್ಡಪ್ಪಾ. ಓದಿ ಕಣ್ಣು ತುಂಬಿತು. ನಮ್ಮ ಓಣಿಯ ಗುಂಪಿಗೂ ಹಾಕಿದೆ.

ಬೆಂಗಳೂರು ಅಣ್ಣ, 7:31
ಅಪ್ಪಾ, ಇದನ್ನು ಬರೆದವರು ಯಾರು? ಎಲ್ಲಿಂದ ಬಂತು? ಕುವೆಂಪು ಹುಟ್ಟಿದ್ದು ಕುಪ್ಪಳಿಯಲ್ಲಲ್ಲ, ಹಿರೇಕೊಡಿಗೆಯಲ್ಲಿ. 1904ರ ಡಿಸೆಂಬರ್ 29. ಅದು ಕೊಪ್ಪ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ. ಈ ಫೋಟೊದಲ್ಲಿ ಇರುವುದು ಕುಪ್ಪಳಿಯ ಕವಿಮನೆ. ಅದು ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ. ಅವರು ಬೆಳೆದ ಮನೆ ಅದು. ಹುಟ್ಟಿದ ಮನೆ ಅಲ್ಲ.

ದೊಡ್ಡಪ್ಪ, 7:40
ನಾನು ಜೀವನಪೂರ್ತಿ ಕನ್ನಡ ಕಲಿಸಿದವನು. 1957ರಲ್ಲಿ ನಮ್ಮ ಧಾರವಾಡದಲ್ಲಿ ಸಾಹಿತ್ಯ ಸಮ್ಮೇಳನ ಆಯಿತು. ಕುವೆಂಪು ಅಧ್ಯಕ್ಷರು. ಅಪ್ಪನ ಹೆಗಲ ಮೇಲೆ ಕೂತು ಅವರನ್ನು ಕಣ್ಣಾರೆ ನೋಡಿದ್ದೇನೆ. ನನಗೆ ಎಲ್ಲಿಂದ ಬಂತು ಎಂದು ಕೇಳುತ್ತೀಯಾ?

ಬೆಂಗಳೂರು ಅಣ್ಣ, 7:43
ನೋಡಿದ್ದು ನಿಜ ಇರಬಹುದು ಅಪ್ಪಾ. ಹುಟ್ಟಿದ ಊರು ಅದರಿಂದ ಬದಲಾಗುವುದಿಲ್ಲ ಅಲ್ವಾ? 2020ರಲ್ಲಿ ಕಷಾಯದ ಮೆಸೇಜ್ ಕಳಿಸಿದಾಗಲೂ ಇದೇ ಮಾತು ಹೇಳಿದ್ದೆ. ಕಳಿಸುವ ಮೊದಲು ಒಂದು ಸಲ ನೋಡಿ.

ದೊಡ್ಡಪ್ಪ, 7:44
ಆ ಕಷಾಯ ಕುಡಿದು ನಿನ್ನ ಅವ್ವನ ಕೆಮ್ಮು ಹೋಯಿತು.

ಗದಗ ಅತ್ತಿ, 8:10
ಅಣ್ಣಾ, ಹೆಗಲ ಮೇಲೆ ಕೂತಿದ್ದು ನೀನಲ್ಲ. ಎರಡನೇ ಅಣ್ಣ. ನಿನಗೆ ಆಗ ಎಂಟು ವರ್ಷ, ಅವನಿಗೆ ಐದು. ನಿನ್ನನ್ನು ಕೈ ಹಿಡಿದು ನಡೆಸಿಕೊಂಡು ಹೋಗಿದ್ದರು. ಚುರಮುರಿ ಬೇಕು ಎಂದು ದಾರಿಯುದ್ದಕ್ಕೂ ಅತ್ತೆಯಂತೆ. ಅವ್ವ ನೂರು ಸಲ ಹೇಳಿದ್ದಾಳೆ.

ಎರಡನೇ ಅಣ್ಣ ಅಂದರೆ ನಮ್ಮ ಅಪ್ಪ. ಅವರು ಹೋಗಿ ಆರು ವರ್ಷ ಆಯಿತು. ಕುವೆಂಪು ಅವರನ್ನು ನೋಡಿದ್ದೆ ಎಂದು ಅಪ್ಪ ಒಂದು ದಿನವೂ ನನಗೆ ಹೇಳಿರಲಿಲ್ಲ. ಅತ್ತಿಯ ಆ ಮೆಸೇಜನ್ನು ಸ್ಟಾರ್ ಹಾಕಿ ಇಟ್ಟುಕೊಂಡೆ.

ಹಾವೇರಿ ಅಕ್ಕ, 8:16
ಚುರಮುರಿ ಅಂದ ಕೂಡಲೇ ಅಜ್ಜಿ ನೆನಪಾದಳು. ಪಡಸಾಲೆಯ ತೂಗುಮಂಚದ ಮೇಲೆ ನಾವು ಐದೂ ಮಂದಿ. ನಡುವೆ ಒಗ್ಗರಣೆ ಚುರಮುರಿಯ ಬುಟ್ಟಿ. ಹಸಿ ಉಳ್ಳಾಗಡ್ಡಿ, ಸೇಂಗಾ. ಸರಪಳಿ ಕಿರ್ ಎಂದರೆ ಅಜ್ಜ ಎದ್ದರು ಎಂದು ಅರ್ಥ, ಎಲ್ಲರೂ ಇಳಿದು ಓಡುತ್ತಿದ್ದೆವು. ಆ ಸಪ್ಪಳ ಈಗಲೂ ಕಿವಿಯಲ್ಲಿದೆ.

ನಾನು, 8:40
ನಾನೂ ಅಮ್ಮನೂ ಕಳೆದ ಡಿಸೆಂಬರಿನಲ್ಲಿ ಕುಪ್ಪಳಿಗೆ ಹೋಗಿದ್ದೆವು. ತೀರ್ಥಹಳ್ಳಿಯಿಂದ ಕೊಪ್ಪದ ಕಡೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಕಾಡಿನ ನಡುವೆ ಮೂರು ಅಂತಸ್ತಿನ ಮನೆ. ಮಧ್ಯದಲ್ಲಿ ಅಂಗಳ, ಸುತ್ತ ಮರದ ಕಂಬಗಳು. ಕಂಬಗಳಲ್ಲಿ ಕೆತ್ತನೆ ಇದೆ. ಆದರೆ ನಾನು ನೋಡುತ್ತಾ ನಿಂತಿದ್ದು ಕೆತ್ತನೆ ಇಲ್ಲದ ಜಾಗವನ್ನು. ಕೈ ಎಟಕುವ ಎತ್ತರದಲ್ಲಿ ಮರ ನುಣುಪಾಗಿ ಮಿರಮಿರ ಅನ್ನುತ್ತಿತ್ತು. ಅದಕ್ಕಿಂತ ಮೇಲೆ ಒರಟು. "ದಾಟುವಾಗ ಕೈ ಇಟ್ಟೂ ಇಟ್ಟೂ ಹೀಗಾಗುತ್ತದೆ, ನಮ್ಮ ಮಾಳಮಡ್ಡಿ ಮನೆಯಲ್ಲೂ ಇತ್ತು" ಎಂದರು ಅಮ್ಮ. ಕುವೆಂಪು ಮದುವೆಯ ಮಂಟಪ ಅಲ್ಲೇ ಇಟ್ಟಿದ್ದಾರೆ. ಮನೆಯಲ್ಲಿ ಬಳಸುತ್ತಿದ್ದ ಸಾಮಾನು, ಪುಸ್ತಕಗಳು ಇವೆ. ಅಲ್ಲಿಂದ ಗುಡ್ಡ ಹತ್ತಿದರೆ ಕವಿಶೈಲ. ಅವರ ಸಮಾಧಿ ಅಲ್ಲಿದೆ. ಬಿಎಂಶ್ರೀ, ಟಿ.ಎಸ್. ವೆಂಕಣ್ಣಯ್ಯ ಬಂದಾಗ ಬಂಡೆಯ ಮೇಲೆ ಹೆಸರು ಕೊರೆದದ್ದು, 1936ರ ಇಸವಿ ಸಮೇತ, ಇನ್ನೂ ಇದೆ. ಬರುವವರೇ ಇಲ್ಲ ಎನ್ನುವುದು ಸುಳ್ಳು. ನಾವು ಹೋದ ದಿನ ಶಾಲೆ ಮಕ್ಕಳ ಎರಡು ಬಸ್ಸು ನಿಂತಿದ್ದವು. ಇನ್ನು ಹಂಚಿನ ಮಾತು. ಕುವೆಂಪು ಪ್ರತಿಷ್ಠಾನದವರು ಮನೆಯನ್ನು ದುರಸ್ತಿ ಮಾಡಿಸಿ ಕಾಪಾಡಿಕೊಂಡಿದ್ದಾರೆ. ಮಲೆನಾಡಿನ ಮಳೆಯಲ್ಲಿ ಹಂಚು ಮುಟ್ಟದೆ ಮನೆ ನಿಲ್ಲುತ್ತದಾ?

ಹುಬ್ಬಳ್ಳಿ ಕಾಕಾ, 8:52
ಡಿಸೆಂಬರಿನಲ್ಲಿ ಹೋಗಿದ್ದಿರಾ? ಹುಬ್ಬಳ್ಳಿ ದಾಟಿಯೇ ಹೋಗಿರಬೇಕಲ್ಲ. ನಮ್ಮ ಮನೆಗೆ ಬರಲಿಲ್ಲ.

ಅಮ್ಮ, 8:55
ಹುಬ್ಬಳ್ಳಿ ದಾಟಿದಾಗ ಬೆಳಗಿನ ಐದು ಗಂಟೆ. ಮಲಗಿದವರನ್ನು ಎಬ್ಬಿಸುವುದು ಬೇಡ ಎಂದು ಸುಮ್ನೆ ಹೋದೆವು.

ಹಾವೇರಿ ಅಕ್ಕ, 8:56
ಅಂದರೆ ಹಾವೇರಿ ದಾಟಿದಾಗ ನಾನು ಎದ್ದೇ ಇದ್ದೆ ಕಾಕೂ!

ಹುಬ್ಬಳ್ಳಿ ಕಾಕಾ, 9:03
ಅಷ್ಟು ದೂರ ಹೋಗುವವರು ಧಾರವಾಡದಲ್ಲೇ ಇರುವ ಸಾಧನಕೇರಿಗೆ ಹೋಗಿದ್ದೀರಾ? ಬೇಂದ್ರೆಯವರ ಮನೆ ಶ್ರೀಮಾತಾ ಅಲ್ಲೇ ಇದೆ, ಪಕ್ಕದಲ್ಲೇ ಬೇಂದ್ರೆ ಭವನ ಇದೆ. ಈ ಗುಂಪಿನಲ್ಲಿ ಎಷ್ಟು ಮಂದಿ ಒಳಗೆ ಕಾಲಿಟ್ಟಿದ್ದೀರಿ ಹೇಳಿ.

ದೊಡ್ಡಪ್ಪ, 9:06
ನಾನು ಹೋಗಿದ್ದೇನೆ. ಬೇಂದ್ರೆ ಹುಟ್ಟಿದ್ದು ಧಾರವಾಡದಲ್ಲಿ, 1896ರ ಜನವರಿ 31. ಇದಕ್ಕೂ ನನ್ನ ಮಗ ತಕರಾರು ತೆಗೆಯಲಿ.

ಬೆಂಗಳೂರು ಅಣ್ಣ, 9:07
ತಕರಾರಿಲ್ಲ. ಆದರೆ ಸಾಧನಕೇರಿಯ ಮನೆಯಲ್ಲಿ ಹುಟ್ಟಿದವರಲ್ಲ.

ಗದಗ ಅತ್ತಿ, 9:15
ನಮ್ಮ ಗದುಗಿಗೆ ಬನ್ನಿ. ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸ ಕೂತು ಬರೆದ ಕಂಬ ಎಂದು ಇವತ್ತಿಗೂ ತೋರಿಸುತ್ತಾರೆ. ಅವನ ಊರು ಕೋಳಿವಾಡ. ಆದರೂ ಜನ ಅವನ ಭಾರತವನ್ನು ಗದುಗಿನ ಭಾರತ ಎಂದೇ ಕರೆದರು. ಕೋಳಿವಾಡದವರು ಯಾರಾದರೂ ಜಗಳಕ್ಕೆ ಬಂದರಾ?

ಅಮ್ಮ, 9:20
ಹಿರೇಕೊಡಿಗೆ ಕುವೆಂಪು ಅವರ ತಾಯಿಯ ತವರು. ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲೂ ಇದೆಯಲ್ಲ. ಭಾವನವರು ಹೇಳಿದ್ದೂ ಪೂರ್ತಿ ತಪ್ಪಲ್ಲ. ತಂದೆಯ ಮನೆ ಕುಪ್ಪಳಿಯೇ.

ಅಮ್ಮ ಇಷ್ಟು ಹೇಳಿದ ಮೇಲೆ ಮಾತು ಮುಗಿಯಬೇಕಿತ್ತು. ಎರಡೂ ಕಡೆಯವರಿಗೆ ಮಾನ ಉಳಿಯುವಂಥ ಮಾತು ಅದು. ಆದರೆ ಕಾಕಾ ಇನ್ನೊಂದು ವಿಷಯ ತೆಗೆದರು.

ಹುಬ್ಬಳ್ಳಿ ಕಾಕಾ, 9:34
ಕವಿಮನೆಯಲ್ಲಿ 2015ರಲ್ಲಿ ಕಳ್ಳತನ ಆಯಿತು, ಮರೆತಿರಾ? ಪದ್ಮ ಪದಕಗಳನ್ನೇ ಹೊತ್ತುಕೊಂಡು ಹೋದರು. ಹಳೆಯ ಮನೆ ಉಳಿಸುವುದು ಎಂದರೆ ಫೋಟೊ ಕಳಿಸಿದಷ್ಟು ಸುಲಭ ಅಲ್ಲ. ಕಾಯುವವರು ಬೇಕು. ದುಡ್ಡು ಬೇಕು.

ಗದಗ ಅತ್ತಿ, 9:36
ಈ ಮಾತನ್ನು ಕುಪ್ಪಳಿಯವರಿಗೆ ಹೇಳುತ್ತಿದ್ದೀಯಾ, ನನಗೆ ಹೇಳುತ್ತಿದ್ದೀಯಾ?

ಹುಬ್ಬಳ್ಳಿ ಕಾಕಾ, 9:37
ಯಾರಿಗೆ ತಾಗುತ್ತದೋ ಅವರಿಗೆ.

ದೊಡ್ಡಪ್ಪ, 9:41
ಇಬ್ಬರೂ ನಿಲ್ಲಿಸಿರಿ. ಮಕ್ಕಳು ಓದುತ್ತಿದ್ದಾರೆ. ನಾವು ನಾಲ್ವರೂ ಒಂದೇ ಮನೆಯಲ್ಲಿ ಹುಟ್ಟಿದವರು. ಹೀಗೆ ಮಾತಾಡಬಾರದು.

ಗದಗ ಅತ್ತಿ, 9:58
ಒಂದೇ ಮನೆಯಲ್ಲಿ ಹುಟ್ಟಿದವರಲ್ಲ ಅಣ್ಣಾ. ನೀನೂ ಎರಡನೇ ಅಣ್ಣನೂ ಹುಟ್ಟಿದ್ದು ಅವ್ವನ ತವರು ನವಲಗುಂದದಲ್ಲಿ. ನನ್ನ ಹೊತ್ತಿಗೆ ಅವ್ವನ ತಾಯಿ ತೀರಿಕೊಂಡಿದ್ದರು. ಕರೆದುಕೊಂಡು ಹೋಗುವವರು ಇರಲಿಲ್ಲ. ಹಾಗಾಗಿ ಮಾಳಮಡ್ಡಿ ಮನೆಯ ನಡುಮನೆಯಲ್ಲೇ ಹೆರಿಗೆ ಆಯಿತು. ತಮ್ಮ ಹುಟ್ಟಿದ್ದು ಆಸ್ಪತ್ರೆಯಲ್ಲಿ. ಆ ಮನೆಯಲ್ಲಿ ಹುಟ್ಟಿದವಳು ನಾನೊಬ್ಬಳೇ.

ಗದಗ ಅತ್ತಿ, 9:59
2003ರಲ್ಲಿ ಸಹಿ ಹಾಕಲು ನನ್ನನ್ನು ಕರೆದಿರಿ. ಮನೆ ನೋಡಲು ಕರೆಯಲಿಲ್ಲ. ಕಚೇರಿಯಿಂದ ಸೀದಾ ಬಸ್ ಸ್ಟ್ಯಾಂಡಿಗೆ ಬಿಟ್ಟಿರಿ.

ಬೆಂಗಳೂರು ಅಣ್ಣ, 10:04
ನಾವು ಮೂಲ ವಿಷಯಕ್ಕೆ ಬರೋಣ. ಫಾರ್ವರ್ಡ್ ತಿದ್ದಿ ಬರೆದಿದ್ದೇನೆ. ದಯವಿಟ್ಟು ಇದನ್ನೇ ಕಳಿಸಿ. "ಇದು ಕುವೆಂಪು ಬೆಳೆದ ಮನೆ. ಈಗ ವಸ್ತುಸಂಗ್ರಹಾಲಯ. ಹೋಗಿ ನೋಡಿ."

ಹುಬ್ಬಳ್ಳಿ ಕಾಕಾ, 10:20
ಅಕ್ಕಾ, ಮೂರು ಮಳೆಗಾಲದಲ್ಲಿ ಮನೆಯ ಹಿಂಬದಿಯ ಗೋಡೆ ಕುಸಿಯಿತು. ಮೂರು ಸಲವೂ ನಾನೊಬ್ಬನೇ ಕಟ್ಟಿಸಿದೆ. ನಾಲ್ಕನೇ ಸಲ ದೊಡ್ಡಣ್ಣನಿಗೆ ಪತ್ರ ಬರೆದೆ. ಉತ್ತರ ಬರಲಿಲ್ಲ. ಅಪ್ಪನ ಔಷಧಿ, ಆಸ್ಪತ್ರೆ, ಎಲ್ಲ ಅಂಗಡಿಯ ಗಲ್ಲೆಯಿಂದಲೇ ಹೋಯಿತು. ಮನೆ ಕೊಟ್ಟು ನಾನು ಬಂಗಲೆ ಕಟ್ಟಲಿಲ್ಲ.

ಇದಾದ ಮೇಲೆ ಒಂದು ತಾಸು ಯಾರೂ ಏನೂ ಬರೆಯಲಿಲ್ಲ. ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ ಎಂದು ಬರುತ್ತಿತ್ತು, ಹೋಗುತ್ತಿತ್ತು. ಕಾಕಾ ಗೋಡೆ ಕಟ್ಟಿಸಿದ್ದು ನನಗೆ ಅವತ್ತೇ ಗೊತ್ತಾಗಿದ್ದು. ಮನೆ ಮಾರಿದವರು ಎಂದು ನಾವೆಲ್ಲ ಅವರ ಬಗ್ಗೆ ಎಷ್ಟು ಸಲ ಮಾತಾಡಿಕೊಂಡಿದ್ದೇವೆ. ಅದು ತಪ್ಪು. ಅತ್ತಿಯ ದುಃಖವೂ ಅಷ್ಟೇ ನಿಜ.

ದೊಡ್ಡಪ್ಪ, 11:25
ಪತ್ರ ಬಂದಿತ್ತು. ಕೈಯಲ್ಲಿ ದುಡ್ಡಿರಲಿಲ್ಲ. ಇಲ್ಲ ಎಂದು ಬರೆಯಲು ಮನಸ್ಸಾಗಲಿಲ್ಲ.

ಹುಬ್ಬಳ್ಳಿ ಕಾಕಾ, 11:50
(ಫೋಟೊ)

ಫೋಟೊದಲ್ಲಿ ಹಳೆಯ ಪೇಪರು ಹಾಸಿ, ಅದರ ಮೇಲೆ ಹಿತ್ತಾಳೆ ಸರಪಳಿಗಳನ್ನು ಉದ್ದಕ್ಕೆ ಇಟ್ಟಿದ್ದರು. ಕಪ್ಪಾಗಿದ್ದವು. ಕೊಂಡಿಗೆ ಕೊಂಡಿ ತಾಗುವ ಕಡೆ ಮಾತ್ರ ಸವೆದು ತೆಳ್ಳಗಾಗಿ, ಹಳದಿ ಕಾಣುತ್ತಿತ್ತು.

ಹುಬ್ಬಳ್ಳಿ ಕಾಕಾ, 11:51
ಕೀಲಿಕೈ ಕೊಡುವ ಹಿಂದಿನ ದಿನ ಬಿಚ್ಚಿಕೊಂಡು ಬಂದೆ. ಮಂಚದ ಹಲಗೆಗೆ ಗೆದ್ದಲು ಹಿಡಿದಿತ್ತು, ಅದು ಬರಲಿಲ್ಲ. ಇವು ನಮ್ಮ ಅಟ್ಟದ ಮೇಲೆ ಇದ್ದವು.

ಗದಗ ಅತ್ತಿ, 11:53
ನಾಲ್ಕು ಇರಬೇಕಲ್ಲ?

ಹುಬ್ಬಳ್ಳಿ ಕಾಕಾ, 11:53
ಮೂರೇ ಸಿಕ್ಕವು.

ಗದಗ ಅತ್ತಿ, 11:55
ಒಂದರಲ್ಲಿ ಒಂದು ಕೊಂಡಿ ಬಾಗಿರಬೇಕು ನೋಡು. ಕೆಳಗಿನಿಂದ ಐದನೆಯದು.

ಹುಬ್ಬಳ್ಳಿ ಕಾಕಾ, 11:58
ಇದೆ.

ದೊಡ್ಡಪ್ಪ, ಮಧ್ಯಾಹ್ನ 12:04
ಅದು ನಾನು ಬಾಗಿಸಿದ್ದು. ನಿನ್ನ ಬೆರಳು ಸಿಕ್ಕಿಕೊಂಡಿತ್ತು. ಒರಳಿನ ಗುಂಡುಕಲ್ಲು ತಂದು ಹೊಡೆದು ಬಿಡಿಸಿದೆ. ಅಪ್ಪ ನನಗೆ ಹೊಡೆದರು, ಸರಪಳಿ ಕೆಡಿಸಿದೆ ಎಂದು.

ಗದಗ ಅತ್ತಿ, 12:05
ಗೊತ್ತು ಅಣ್ಣಾ. ಉಗುರು ಇನ್ನೂ ಸೊಟ್ಟ ಇದೆ.

ಹುಬ್ಬಳ್ಳಿ ಕಾಕಾ, 12:09
ಹುಣಸೆಹಣ್ಣು ಹಾಕಿ ತಿಕ್ಕಿಸಿ ಇಡುತ್ತೇನೆ ಅಕ್ಕಾ. ಹೊಸದರ ಹಾಗೆ ಆಗುತ್ತದೆ. ಬಂದು ತೆಗೆದುಕೊಂಡು ಹೋಗು.

ಗದಗ ಅತ್ತಿ, 12:10
ತಿಕ್ಕಿಸಬೇಡ. ಇದ್ದ ಹಾಗೇ ಇಡು. ಬುಧವಾರ ಬೆಳಗಿನ ರೈಲಿಗೆ ಬರುತ್ತೇನೆ.

ದೊಡ್ಡಪ್ಪ, 12:16
ನಾನೂ ಬರುತ್ತೇನೆ. ಧಾರವಾಡದಿಂದ ಚಿಗರಿ ಬಸ್ಸು ಹತ್ತುತ್ತೇನೆ. ಎಷ್ಟು ಗಂಟೆಗೆ ಮುಟ್ಟುತ್ತೀ?