ಮಕ್ಕಳಿಗೆ ಆಪರೇಷನ್ ನಂತರ ಲಿಗ್ನೋಕೇನ್ ಡ್ರಿಪ್: ಕೊಡುವವರು ಹೇಗೆ ಕೊಡುತ್ತೀರಿ?

ಪ್ರಶ್ನೆ: 13 ವರ್ಷದ ಹುಡುಗ, 45 ಕೆಜಿ. ಕರುಳಿನ ಅಡಚಣೆಗೆ ಹೊಟ್ಟೆ ತೆರೆದು ಆಪರೇಷನ್ ಆಗಬೇಕಿದೆ. ಎಪಿಡ್ಯೂರಲ್ (ಬೆನ್ನಿನಲ್ಲಿ ನಳಿಕೆ ಇಟ್ಟು ನೋವಿನ ಔಷಧ ಕೊಡುವುದು) ಹಾಕುವಂತಿಲ್ಲ, ಮಾರ್ಫಿನ್ ಕೊಟ್ಟರೆ ವಾಂತಿ. ನೋವಿಗೆ ಲಿಗ್ನೋಕೇನನ್ನು (ಜಾಗ ಮರಗಟ್ಟಿಸುವ ಔಷಧ) ಐವಿ, ಅಂದರೆ ರಕ್ತನಾಳಕ್ಕೆ, ಕೊಡುವ ಯೋಚನೆ. ಡೋಸ್, ಪಂಪ್, ನಿಗಾ ಬಗ್ಗೆ ತಿಳಿದವರು ಹೇಳಿ.

ಮಕ್ಕಳ ಅರಿವಳಿಕೆ ತಜ್ಞ: ಮೇಡಂ, ಮೊದಲು ತೂಕ. 2021ರ ಅಂತರರಾಷ್ಟ್ರೀಯ ಸಹಮತದ ಹೇಳಿಕೆ 40 ಕೆಜಿಗಿಂತ ಕಡಿಮೆ ಇರುವವರಿಗೆ ಇದು ಬೇಡ ಎನ್ನುತ್ತದೆ. ನಿಮ್ಮ ಹುಡುಗ ಅದನ್ನು ದಾಟಿದ್ದಾನೆ. ಎಳೆ ಕೂಸುಗಳಿಗಂತೂ ಬೇಡವೇ ಬೇಡ: ಲಿವರ್ ಬಲಿತಿರುವುದಿಲ್ಲ, ಔಷಧವನ್ನು ಹಿಡಿದಿಡುವ ಪ್ರೋಟೀನ್ ರಕ್ತದಲ್ಲಿ ಕಡಿಮೆ, ಹಾಗಾಗಿ ಪ್ರೋಟೀನಿಗೆ ಅಂಟದೆ ಉಳಿದ ಲಿಗ್ನೋಕೇನ್ ಮಟ್ಟ ಬೇಗ ಏರುತ್ತದೆ.

ಲೋಡಿಂಗ್ (ಶುರುವಿನ ಡೋಸ್) 1 ಮಿಗ್ರಾಂ/ಕೆಜಿ, ಅಂದರೆ 45 ಮಿಗ್ರಾಂ. 2% ದ್ರಾವಣದ 2.25 ಮಿಲಿಯನ್ನು ಸಲೈನ್ ಸೇರಿಸಿ 20 ಮಿಲಿ ಮಾಡಿ, 10 ನಿಮಿಷ ಓಡಿಸಿ. ಆಮೇಲೆ ಗಂಟೆಗೆ 1 ಮಿಗ್ರಾಂ/ಕೆಜಿ. ಎರಡಕ್ಕೂ ಮೇಲ್ಮಿತಿ 1.5, ಒಟ್ಟು 24 ಗಂಟೆ ದಾಟಬಾರದು. ದಪ್ಪ ಮಕ್ಕಳಿಗೆ ಎತ್ತರಕ್ಕೆ ತಕ್ಕ ತೂಕ ಹಿಡಿಯಿರಿ. ಹೃದಯದ ಬ್ಲಾಕ್, ಫಿಟ್ಸ್, ಲಿವರ್ ತೊಂದರೆ ಇದ್ದರೆ ಬಿಟ್ಟುಬಿಡಿ. ಗಾಯಕ್ಕೆ ಬುಪಿವಕೇನ್ (ಇದೇ ಜಾತಿಯ ಮರಗಟ್ಟಿಸುವ ಔಷಧ) ಚುಚ್ಚುತ್ತಾರಾ ಅಂತ ಸರ್ಜನ್‌ರನ್ನು ಬಾಯಿಬಿಟ್ಟು ಕೇಳಿ. ಚುಚ್ಚಿದ್ದರೆ, ಅಥವಾ ನರ ಮರಗಟ್ಟಿಸುವ ಬ್ಲಾಕ್ ಕೊಟ್ಟಿದ್ದರೆ, ಕನಿಷ್ಠ 4 ಗಂಟೆ ಡ್ರಿಪ್ ಶುರು ಮಾಡಬೇಡಿ. ಎರಡೂ ಸೇರಿ ವಿಷವಾಗುತ್ತದೆ.

ಮಕ್ಕಳಲ್ಲಿ ಇದರ ಪುರಾವೆ ಇನ್ನೂ ತೆಳು. ಪ್ಯಾರಸಿಟಮಾಲ್ ನಿಲ್ಲಿಸಿ ಇದೊಂದನ್ನೇ ನಂಬಬೇಡಿ.

ಕ್ಲಿನಿಕಲ್ ಫಾರ್ಮಸಿಸ್ಟ್: ವೈಲ್ ಮೇಲೆ ಅಡ್ರೆನಲಿನ್ ಇಲ್ಲ, ಪ್ರಿಸರ್ವೇಟಿವ್ ಇಲ್ಲ ಎಂದು ಓದಿಯೇ ತೆಗೆಯಿರಿ. 2% ಲಿಗ್ನೋಕೇನ್ 25 ಮಿಲಿ, ಸಲೈನ್ 25 ಮಿಲಿ: 1 ಮಿಲಿಗೆ 10 ಮಿಗ್ರಾಂ. ಈ ಹುಡುಗನಿಗೆ ಗಂಟೆಗೆ 4.5 ಮಿಲಿ. ಎಡವಟ್ಟಾಗುವುದು ಯೂನಿಟ್‌ನಲ್ಲಿ. ಚೀಟಿಯಲ್ಲಿ ಮಿಗ್ರಾಂ/ಕೆಜಿ/ಗಂಟೆ, ಪಂಪ್‌ನಲ್ಲಿ ಮೈಕ್ರೋಗ್ರಾಂ/ಕೆಜಿ/ನಿಮಿಷ. 1 ಅಂದರೆ ಅಲ್ಲಿ ಸುಮಾರು 17. ಚೀಟಿಯಲ್ಲೇ ‘4.5 ಮಿಲಿ/ಗಂಟೆ’ ಎಂದೂ ಬರೆಯಿರಿ, ಇಬ್ಬರು ಬೇರೆಬೇರೆಯಾಗಿ ಲೆಕ್ಕ ಮಾಡಿ.

ಐಸಿಯು ಸಿಸ್ಟರ್: ಇದಕ್ಕೇ ಒಂದು ಪ್ರತ್ಯೇಕ ಕ್ಯಾನುಲಾ ಇಡಿ, ತ್ರೀ-ವೇಯಲ್ಲಿ (ಎರಡು ಡ್ರಿಪ್ ಕೂಡಿಸುವ ಮೂರು ಬಾಯಿಯ ಜೋಡಣೆ) ಬೇರೆ ಡ್ರಿಪ್ ಸೇರಿಸಬೇಡಿ. ಲೈನ್ ಕಟ್ಟಿಕೊಂಡರೆ ಔಷಧ ಇನ್ನೊಂದು ಟ್ಯೂಬಿಗೆ ಹಿಂದಕ್ಕೆ ಏರಿ, ಬಿಟ್ಟಾಗ ಒಂದೇ ಹೊಡೆತಕ್ಕೆ ಒಳಗೆ ಹೋಗುತ್ತದೆ. ನಿಲ್ಲಿಸುವಾಗಲೂ ಟ್ಯೂಬಿನಲ್ಲಿ ಉಳಿದದ್ದನ್ನು ಸಿರಿಂಜಿನಿಂದ ಹಿಂದಕ್ಕೆಳೆದು ಬಿಸಾಡಿ, ಆಮೇಲೆ ಫ್ಲಶ್ ಮಾಡಿ.

ಇಸಿಜಿ ಸತತವಾಗಿ ಓಡುತ್ತಿರಲಿ. ಲೋಡಿಂಗ್ ಹೊತ್ತಲ್ಲಿ 5 ನಿಮಿಷಕ್ಕೊಮ್ಮೆ ಬಿಪಿ. ‘ತುಟಿ ಜುಮ್ಮೆನ್ನುತ್ತಾ? ಕಿವಿಯಲ್ಲಿ ಗುಂಯ್ ಅನ್ನುತ್ತಾ? ಬಾಯಲ್ಲಿ ಕಬ್ಬಿಣದ ರುಚಿಯಾ?’ ಅಂತ ಕೇಳುತ್ತಿರಿ, ಔಷಧ ಮಿತಿಮೀರುತ್ತಿರುವ ಲಕ್ಷಣ ಇವು. ಆಪರೇಷನ್‌ಗೆ ಮುಂಚೆಯೇ ಹುಡುಗನಿಗೂ ತಾಯಿಗೂ ಹೇಳಿಟ್ಟಿರಿ. ಮಂಪರಿನಲ್ಲಿದ್ದರೆ ತೊದಲುವುದು, ಬಾಯಿಯ ಮೂಲೆ ಸಣ್ಣಗೆ ಅದುರುವುದು ನೋಡಿ. ಚಡಪಡಿಕೆಯನ್ನು ನೋವು ಅಂದುಕೊಂಡು ರೇಟ್ ಏರಿಸಿಬಿಡುವುದೇ ದೊಡ್ಡ ಅಪಾಯ. ಅನುಮಾನ ಬಂದರೆ ಮೊದಲು ಪಂಪ್ ನಿಲ್ಲಿಸಿ, ಆಮೇಲೆ ಡಾಕ್ಟರಿಗೆ ಫೋನ್.

ಮಕ್ಕಳ ಅರಿವಳಿಕೆ ತಜ್ಞ: ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. 20% ಲಿಪಿಡ್ ಎಮಲ್ಷನ್ (ಲಿಗ್ನೋಕೇನ್ ವಿಷವೇರಿದಾಗ ಕೊಡುವ ಬಿಳಿ ಕೊಬ್ಬಿನ ದ್ರಾವಣ) ವಾರ್ಡಿನಲ್ಲೇ ಇರಬೇಕು, ಸ್ಟೋರಿನಲ್ಲಲ್ಲ. ಫಿಟ್ಸ್ ಬಂದರೆ ಆಕ್ಸಿಜನ್, ಮಿಡಜೋಲಾಮ್. ಹೃದಯದ ಲಯ ಕೆಟ್ಟರೆ ಲಿಪಿಡ್ 1.5 ಮಿಲಿ/ಕೆಜಿ, ಅಂದರೆ ಇವನಿಗೆ ಸುಮಾರು 68 ಮಿಲಿ, 2–3 ನಿಮಿಷದಲ್ಲಿ. ಜೊತೆಗೇ ಗಂಟೆಗೆ 15 ಮಿಲಿ/ಕೆಜಿ. ಅರಿವಳಿಕೆಯ ಪ್ರೊಪೊಫಾಲ್ ಕೂಡ ಬೆಳ್ಳಗಿದೆ ಅಂತ ಅದನ್ನು ಬದಲಿಗೆ ಬಳಸುವಂತಿಲ್ಲ. ಲಿಪಿಡ್ ಸಿಗದ ವಾರ್ಡಿನಲ್ಲಿ ಈ ಡ್ರಿಪ್ ಶುರು ಮಾಡಲೇಬೇಡಿ.