ಟ್ರೇಲರ್ ಎಳೆಯುವ ಗಾಡಿಗೆ ಹೆಚ್ಚುವರಿ ಕೂಲರ್: ಹಾಕಿಸಿದವರು ಅನುಭವ ಹೇಳಿ

ದೋಣಿಪಯಣ:
ನನ್ನದು ಆಟೋಮ್ಯಾಟಿಕ್ ಪಿಕಪ್, ಹಿಂದೆ ದೋಣಿಯ ಟ್ರೇಲರ್. ಉದ್ದ ಏರು ಬಂದರೆ ಗೇರ್‌ಬಾಕ್ಸ್ ಎಣ್ಣೆ 110 ಡಿಗ್ರಿ ದಾಟುತ್ತಿದೆ. ಸದ್ಯಕ್ಕೆ ರೇಡಿಯೇಟರ್ ಒಳಗಿನ ಕೂಲರ್ ಮಾತ್ರ ಇದೆ. ಹೊರಗೆ ಇನ್ನೊಂದು ಹಾಕಿಸಲಾ? ಸ್ಟೀರಿಂಗ್ ಎಣ್ಣೆಗೂ ಬೇಕಾ?

ಹಳೇಪಿಕಪ್:
ಹೊರಗಿನದು ಹಾಕಿಸಿ, ಒಳಗಿನದನ್ನು ಪೂರ್ತಿ ಬೈಪಾಸ್ ಮಾಡಿಸಿ. ನನ್ನ ಗಾಡಿಯಲ್ಲಿ ಅದು ರೇಡಿಯೇಟರ್ ಒಳಗೇ ಬಿರುಕು ಬಿಟ್ಟಿತು. ಇಂಜಿನ್ ತಂಪು ಮಾಡುವ ಕೂಲಂಟ್ ನೀರು ಗೇರ್‌ಬಾಕ್ಸಿಗೆ ನುಗ್ಗಿತು. ಡಿಪ್‌ಸ್ಟಿಕ್ ಎಳೆದರೆ ಗುಲಾಬಿ ಬಣ್ಣದ ನೊರೆ. ಎಣ್ಣೆ ಬದಲಿಸಿದರೆ ಸಾಕು ಅಂದ ಮೆಕ್ಯಾನಿಕ್. ಬದಲಿಸಿದ. ಮತ್ತೆ ಬದಲಿಸಿದ. ಆದರೆ ನೀರು ಕುಡಿದ ಕ್ಲಚ್ ಪ್ಲೇಟಿನ ಲೈನಿಂಗ್ ಅಂಟು ಬಿಟ್ಟು ಏಳುತ್ತದೆ, ಹೊಸ ಎಣ್ಣೆ ಅದನ್ನು ವಾಪಸ್ ಅಂಟಿಸುವುದಿಲ್ಲ. ಟ್ರೇಲರ್ ಕಟ್ಟಿದ ತಕ್ಷಣ ಗೇರ್ ಜಾರಲು ಶುರುವಾಯಿತು. ಕೊನೆಗೆ ಪೂರ್ತಿ ಬಿಚ್ಚಿಸಿದೆ. ಕ್ಲಚ್‌ಗಳು, ಸೀಲ್‌ಗಳು, ಇಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್, ಹೊಸ ರೇಡಿಯೇಟರ್, ಎರಡು ಸಲದ ಎಣ್ಣೆ, ಗಾಡಿ ಎತ್ತಿ ತಂದ ಬಾಡಿಗೆ. ವಾಲ್ವ್ ಬಾಡಿ ತೊಳೆದಿದ್ದಕ್ಕೆ ಬೇರೆ ಬಿಲ್, ಅದೂ ನನ್ನನ್ನು ಕೇಳದೆ! ಆ ದುಡ್ಡಿನಲ್ಲಿ ಎಷ್ಟೋ ಕೂಲರ್ ಬರುತ್ತಿತ್ತು. ಈಗ ಮುಂದೆ ಸ್ಟ್ಯಾಕ್ಡ್ ಪ್ಲೇಟ್ ಕೂಲರ್ ಒಂದೇ ಇದೆ. ಕೂಲಂಟ್ ಪಕ್ಕದಲ್ಲಿ ಗೇರ್ ಎಣ್ಣೆ ಇನ್ನು ಜನ್ಮದಲ್ಲಿ ಹರಿಯಬಾರದು.

ಹಿಮದಾರಿ:
ದಯವಿಟ್ಟು ಈ ಸಲಹೆ ಎಲ್ಲರಿಗೂ ಕೊಡಬೇಡಿ. ಹಿಮ ಬೀಳುವ ಕಡೆ ಆ ಒಳಗಿನ ಕೂಲರೇ ಎಣ್ಣೆಯನ್ನು ಬೇಗ ಬೆಚ್ಚಗೆ ಮಾಡುವುದು. ಎಣ್ಣೆ ತಣ್ಣಗಿದ್ದರೆ ಎಷ್ಟೋ ಗಾಡಿಗಳಲ್ಲಿ ಕನ್ವರ್ಟರ್ ಲಾಕ್ ಆಗುವುದಿಲ್ಲ, ಅಂದರೆ ಜಾರದೆ ಇಂಜಿನ್ನಿಗೆ ನೇರ ಕಚ್ಚಿಕೊಳ್ಳುವುದಿಲ್ಲ. ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ. ಎಣ್ಣೆ ಮೊದಲು ರೇಡಿಯೇಟರಿಗೆ, ಆಮೇಲೆ ಹೊರಗಿನ ಕೂಲರಿಗೆ, ಅಲ್ಲಿಂದ ಗೇರ್‌ಬಾಕ್ಸಿಗೆ. ನನ್ನ ಕೆಲಸ ಮಾಡಿದ ವರ್ಕ್‌ಶಾಪಿನವರು ಇದನ್ನು ಉಲ್ಟಾ ಜೋಡಿಸಿದ್ದರು. ಹೊರಗೆ ತಣ್ಣಗಾದ ಎಣ್ಣೆ 90 ಡಿಗ್ರಿಯ ಕೂಲಂಟ್ ಪಕ್ಕ ಹೋಗಿ ಮತ್ತೆ ಕಾಯುತ್ತಿತ್ತು. ಒಂದು ಬೇಸಿಗೆ ಪೂರ್ತಿ "ಕೂಲರ್ ಚಿಕ್ಕದಾಯಿತು, ದೊಡ್ಡದು ತಗೊಳ್ಳಿ" ಅನ್ನುತ್ತಿದ್ದರು. ಸಾಲದ್ದಕ್ಕೆ, ಬ್ರಾಕೆಟ್ ಹಾಕುವ ಬದಲು ಪ್ಲಾಸ್ಟಿಕ್ ಟೈಗಳನ್ನು ಫಿನ್‌ಗಳ ನಡುವೆ ತೂರಿಸಿ ಎಸಿ ಕಂಡೆನ್ಸರಿಗೆ ಬಿಗಿದಿದ್ದರು. ಉಜ್ಜಿ ಉಜ್ಜಿ ಕಂಡೆನ್ಸರ್ ತೂತಾಯಿತು. ಅದರ ಖರ್ಚೂ ನನ್ನದೇ. ಲೈನ್ ಸರಿಯಾಗಿ ತಿರುಗಿಸಿದ ಮೇಲೆ ಅದೇ ಚಿಕ್ಕ ಕೂಲರ್ ಈಗಲೂ ಸಾಕಾಗುತ್ತಿದೆ.

ಹಳೇಪಿಕಪ್:
ಚಳಿಗೆ ಥರ್ಮೋಸ್ಟಾಟ್ ಬೈಪಾಸ್ ವಾಲ್ವ್ ಸಿಗುತ್ತದೆ. ಎಣ್ಣೆ ತಣ್ಣಗಿದ್ದರೆ ಕೂಲರಿಗೆ ಹೋಗದೆ ನೇರ ವಾಪಸ್. ನಿಮಗೆ ಗೇರ್‌ಬಾಕ್ಸ್ ಹೋಗಿಲ್ಲ, ಅದಕ್ಕೇ ಈ ಧೈರ್ಯ.

ಹಿಮದಾರಿ:
ಆ ವಾಲ್ವ್ ಎಣ್ಣೆಯನ್ನು ಕಾಯಿಸುವುದಿಲ್ಲ, ತಣ್ಣಗಾಗುವುದನ್ನು ತಡೆಯುತ್ತದೆ ಅಷ್ಟೇ. ಧೈರ್ಯದ ಮಾತು ಬೇಡ. ಒಳಗಿನ ಕೂಲರ್ ಬಗ್ಗೆ ಹೆದರಿಕೆ ಇದ್ದವರು ರೇಡಿಯೇಟರ್ ಹಳೆಯದಾಗುವ ಮೊದಲೇ ಬದಲಿಸಲಿ.

ಗೇಜ್‌ಮೊದಲು:
ಇಬ್ಬರೂ ಒಂದು ಕೇಳಲೇ ಇಲ್ಲ. 110 ಡಿಗ್ರಿ ಎಲ್ಲಿಯದು? ಗೇರ್‌ಬಾಕ್ಸಿನ ತಳದಲ್ಲಿ ಎಣ್ಣೆ ನಿಲ್ಲುವ ಪ್ಯಾನಿನದಾ, ಕನ್ವರ್ಟರಿನಿಂದ ಹೊರಬರುವ ಲೈನಿನದಾ? ಆ ಲೈನಿನಲ್ಲಿ ಏರು ಹತ್ತುವಾಗ ಸ್ವಲ್ಪ ಹೊತ್ತು 110 ಬಂದರೆ ನಾನು ಗಾಬರಿಯಾಗಲ್ಲ. ಪ್ಯಾನಿನಲ್ಲಿ ಅಷ್ಟು ನಿಂತರೆ ಯೋಚಿಸಬೇಕು. ನಾನು ಗೇಜ್ ಹಾಕಿಸಿ ನೋಡಿದಾಗ ಗೊತ್ತಾಗಿದ್ದು ಇಷ್ಟು: ಬಿಸಿ ಹುಟ್ಟುತ್ತಿದ್ದದ್ದು ಕನ್ವರ್ಟರ್ ಲಾಕ್ ಆಗದೆ ಜಾರುವಾಗ. ಏರಿನಲ್ಲಿ ಓವರ್‌ಡ್ರೈವ್ (ಎಲ್ಲಕ್ಕಿಂತ ಮೇಲಿನ ಗೇರ್) ತೆಗೆದು ಒಂದು ಗೇರ್ ಕೆಳಗೆ ಹಿಡಿದೆ, ಕನ್ವರ್ಟರ್ ಲಾಕ್ ಆಗಿ ನಿಂತಿತು, ಮುಳ್ಳು ಕಣ್ಣೆದುರೇ ಇಳಿಯಿತು. ಕೂಲರ್ ಹಾಕಿಸಿಯೇ ಇಲ್ಲ. ಅದರ ಬಗ್ಗೆ ನನಗೆ ಹೆಮ್ಮೆಯಿದೆ.

ಹಳೇಪಿಕಪ್:
80 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಎಣ್ಣೆಯ ಆಯಸ್ಸು ಅರ್ಧ ಆಗುತ್ತದೆ ಅನ್ನುವ ಲೆಕ್ಕ ಕೇಳಿಲ್ವಾ? 110ಕ್ಕೆ ಗಾಬರಿಯಾಗಲ್ಲ ಅಂತೀರಲ್ಲ!

ಗೇಜ್‌ಮೊದಲು:
ಅದು ಹಳೇ ಎಣ್ಣೆಗಳ ಕಾಲದ ಅಂದಾಜು ಲೆಕ್ಕ. ಸಿಂಥೆಟಿಕ್ ಎಣ್ಣೆ ಜಾಸ್ತಿ ತಡೆಯುತ್ತದೆ. 120 ದಾಟಿ ಸುಟ್ಟ ವಾಸನೆ ಬಂದರೆ ಆಗ ಮಾತಾಡೋಣ.

ರ‍್ಯಾಂಪ್‌ಗೆಳತಿ:
ಸ್ಟೀರಿಂಗ್ ಬಗ್ಗೆಯೂ ಕೇಳಿದ್ದಾರೆ, ಯಾರೂ ಬಾಯಿ ಬಿಡುತ್ತಿಲ್ಲ. ದೋಣಿಯನ್ನು ಹಿಮ್ಮುಖವಾಗಿ ನೀರಿಗಿಳಿಸುವಾಗ ಗಾಡಿ ತೆವಳುತ್ತಿರುತ್ತದೆ, ಗಾಳಿ ಸಿಗಲ್ಲ, ಸ್ಟೀರಿಂಗ್ ಮಾತ್ರ ಆ ತುದಿಯಿಂದ ಈ ತುದಿಗೆ. ಕೊನೆಯವರೆಗೆ ತಿರುಗಿಸಿ ಹಿಡಿದರೆ ಪಂಪಿನಲ್ಲಿ ಒತ್ತಡ ಹೊರಬಿಡುವ ರಿಲೀಫ್ ವಾಲ್ವ್ ತೆರೆದು ಎಣ್ಣೆ ಅಲ್ಲಲ್ಲೇ ಸುತ್ತಿ ಕುದಿಯುತ್ತದೆ. ನನ್ನ ಪಂಪ್ ಹೀಗೇ ಕಿರುಚಿ ಸತ್ತಿತು. ಹೊಸ ಪಂಪಿನ ಜೊತೆಗೆ, ಎಣ್ಣೆ ವಾಪಸ್ ಬರುವ ರಿಟರ್ನ್ ಲೈನಿಗೆ ಚಿಕ್ಕ ಟ್ಯೂಬ್ ಕೂಲರ್ ಹಾಕಿಸಿದೆ. ರಿಟರ್ನ್ ಲೈನಿಗೆ ಮಾತ್ರ. ಪಂಪಿನಿಂದ ಹೊರಡುವ ಪ್ರೆಷರ್ ಲೈನಿಗೆ ಹಾಕಿದರೆ ಕೂಲರ್ ಒಡೆಯುತ್ತದೆ.

ಗೇಜ್‌ಮೊದಲು:
ತುದಿಗೆ ಮುಟ್ಟಿದ ಮೇಲೆ ಸ್ವಲ್ಪ ಸಡಿಲ ಬಿಟ್ಟರೆ ವಾಲ್ವ್ ತೆರೆಯುವುದೇ ಇಲ್ಲ. ಸುಮ್ನೆ ಖರ್ಚು.

ರ‍್ಯಾಂಪ್‌ಗೆಳತಿ:
ಹಿಂದೆ ಸರತಿ ನಿಂತಿರುವಾಗ, ಅಡ್ಡಗಾಳಿಯಲ್ಲಿ ಒಮ್ಮೆ ನೀವು ಆ ದೋಣಿ ಇಳಿಸಿ ನೋಡಿ. ಎಲ್ಲವನ್ನೂ ಗೇಜ್ ನೋಡಿ ಹೇಳಲು ಆಗಲ್ಲ.

ದೋಣಿಪಯಣ:
ನನ್ನ ಸೆನ್ಸರ್ ಪ್ಯಾನಿನಲ್ಲಿದೆ.

ಹಳೇಪಿಕಪ್:
ಕೇಳಿಸಿಕೊಂಡಿರಾ, ಗೇಜ್‌ಮೊದಲು? ಪ್ಯಾನಿನಲ್ಲೇ 110! ದೋಣಿಪಯಣ ಅವರೇ, ಕೂಲರ್ ಹಾಕಿಸಿ. ಹೋಸ್ ಮಾತ್ರ ಗೇರ್‌ಬಾಕ್ಸ್ ಎಣ್ಣೆಗೆಂದೇ ಮಾಡಿದ್ದು ಇರಲಿ. ಕೈಗೆ ಸಿಕ್ಕ ರಬ್ಬರ್ ಹೋಸ್ ಆ ಬಿಸಿಗೆ ಗಟ್ಟಿಯಾಗಿ ಕ್ಲಾಂಪಿನ ಹತ್ತಿರ ಸೀಳುತ್ತದೆ.

ಗೇಜ್‌ಮೊದಲು:
ಹಾಕಿಸಲಿ, ಬೇಡ ಅನ್ನಲ್ಲ. ಆದರೆ ಮೊದಲು ಓವರ್‌ಡ್ರೈವ್ ತೆಗೆದು ಅದೇ ಏರು ಹತ್ತಿ ನೋಡಲಿ, ಅದಕ್ಕೆ ಖರ್ಚಿಲ್ಲ.

ಹಿಮದಾರಿ:
ಮತ್ತೆ ರೇಡಿಯೇಟರ್ ಮೊದಲು, ಹೊರಗಿನದು ಆಮೇಲೆ. ಕೆಲಸ ಮುಗಿದ ಮೇಲೆ, ಉಲ್ಟಾ ಜೋಡಿಸಿಲ್ಲ ತಾನೇ ಅಂತ ಲೈನ್ ಮುಟ್ಟಿ ನೋಡದೆ ಬಿಲ್ ಕೊಡಬೇಡಿ.